ಇಬ್ಬರು ಹಿಡಿಯುವಷ್ಟು ಗುಂಡಿ

ನಮ್ಮ ದೊಡ್ಡಪ್ಪ ಯುದ್ಧದಲ್ಲಿ ಎಷ್ಟು ಶತ್ರುಗಳನ್ನು ಹೆದರಿಸಿದರೋ ನನಗೆ ಗೊತ್ತಿಲ್ಲ. ಆದರೆ ಯುದ್ಧದಿಂದ ಬಂದ ಮೇಲೆ ಅವರಿಗೆ ಮನೆ ಬಾಡಿಗೆಗೆ ಕೊಟ್ಟವರೆಲ್ಲ ಹೆದರಿದ್ದು ಮಾತ್ರ ನಿಜ! ಯಾವ ಊರಿಗೆ ವರ್ಗವಾಗಲಿ, ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ಮೊದಲು ಅವರು ಹಿತ್ತಿಲಲ್ಲಿ ಒಂದು ಗುಂಡಿ ತೋಡುತ್ತಿದ್ದರು.

ತಿಪ್ಪೆಗುಂಡಿಯಲ್ಲ ಸ್ವಾಮಿ. ಗಡಿಯಲ್ಲಿ ಸೈನಿಕರು ತಲೆ ಉಳಿಸಿಕೊಳ್ಳಲು ತೋಡುತ್ತಾರಲ್ಲ, ಅಂಥದ್ದು. ಎಪ್ಪತ್ತೊಂದರ ಯುದ್ಧದಲ್ಲಿ ದೊಡ್ಡಪ್ಪ ಮೊಣಕಾಲಿಗೆ ಪೆಟ್ಟು ತಿಂದು, ಸೈನ್ಯ ಬಿಟ್ಟು ಬಂದು ಗಣಿತದ ಮೇಷ್ಟ್ರಾದರು. ಬಂದೂಕು ಕೈಬಿಟ್ಟಿತು, ಗುದ್ದಲಿ ಬಿಡಲಿಲ್ಲ. ಗುಂಡಿಯ ಅಳತೆಯೂ ಯಾವಾಗಲೂ ಒಂದೇ: "ಇಬ್ರು ಹಿಡೀಬೇಕು." ಒಂಟಿ ಮನುಷ್ಯನಿಗೆ ಎರಡನೆಯ ಜಾಗ ಯಾರಿಗೆ? ಕೇಳಿದವರಿಲ್ಲ. ಮೇಷ್ಟ್ರನ್ನೇ ಪ್ರಶ್ನೆ ಕೇಳುವ ಧೈರ್ಯ ನಮ್ಮ ವಂಶದಲ್ಲಿ ಯಾರಿಗಿದೆ?

ಒಂಟಿಯಾಗಿ ಉಳಿದದ್ದೂ ಆ ಗುಂಡಿಯಿಂದಲೇ! ನ್ಯಾಮತಿಯಲ್ಲಿದ್ದಾಗ ಹೆಣ್ಣಿನ ತಂದೆಯೊಬ್ಬರು ಹುಡುಗನ ಮನೆ ನೋಡಲು ಬಂದರು. ಅಡುಗೆಮನೆ ಮೆಚ್ಚಿದರು, ನೀರಿನ ತೊಟ್ಟಿ ಮೆಚ್ಚಿದರು. ಹಿತ್ತಿಲಿಗೆ ಬಂದವರು ಗಕ್ಕನೆ ನಿಂತರು.

"ಇದೇನ್ರೀ ಮೇಷ್ಟ್ರೇ?"

"ಗುಂಡಿ ರೀ. ಇಷ್ಟು ದಿನ ನಾನೊಬ್ನೇ ಇದ್ದೆ. ಮದುವೆ ಆದ್ರೂ ತೊಂದ್ರೆ ಇಲ್ಲ, ಇಬ್ರು ಹಿಡೀತೀವಿ."

ಆ ಮಹಾನುಭಾವರು ಚಪ್ಪಲಿ ಹಾಕಿಕೊಂಡದ್ದು ಬಸ್ ಹತ್ತಿದ ಮೇಲಂತೆ.

ಆಮೇಲೆ ಚನ್ನಗಿರಿ ಕಡೆ, ತ್ಯಾವಣಿಗೆಗೆ ವರ್ಗವಾಯಿತು. ಅಲ್ಲಿ ಬಾಡಿಗೆ ಮನೆಗೆ ಹಿತ್ತಿಲೇ ಇರಲಿಲ್ಲ. ಸರಿ, ಗುಂಡಿ ಶಾಲೆಯ ಅಂಗಳಕ್ಕೆ ಬಂತು! ಮಕ್ಕಳಿಗೆ ಅದರಲ್ಲೇ ಘನಫಲದ ಪಾಠ. ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಅದನ್ನು ನೋಡಿ ಕೆಂಡವಾದರು.

"ಏನ್ರೀ ಇದು, ಶಾಲ್ಯಾಗೆ ಗುಂಡಿ?"

"ಪಾಠೋಪಕರಣ ಸಾರ್."

"ನಾಳೆಯೊಳಗೆ ಮುಚ್ಚಿಸ್ರಿ!" ಎಂದು ಬೆರಳೆತ್ತಿ, ಗತ್ತಿನಿಂದ ಒಂದು ಹೆಜ್ಜೆ ಹಿಂದಿಟ್ಟರು. ಹಿಂದೆ ನೆಲವಿರಲಿಲ್ಲ. ಮಕ್ಕಳೆಲ್ಲ ಅಂಚಿಗೆ ಓಡಿ ಬಗ್ಗಿ ನೋಡಿದರು. ದೊಡ್ಡಪ್ಪ ಮಾತ್ರ ಅಳತೆಯ ಟೇಪಿನ ತುದಿಯನ್ನು ವಿನಯದಿಂದ ಒಳಗೆ ಇಳಿಬಿಟ್ಟು, "ಹೆಂಗೂ ಇಳಿದೀರಿ, ಆ ಮೂಲ್ಯಾಗೆ ಸ್ವಲ್ಪ ಹಿಡ್ಕೊಳ್ರಿ ಸಾರ್" ಎಂದರಂತೆ.

ಮುಂದಿನ ವರ್ಗ ಜಗಳೂರಿಗೆ ಆದದ್ದು ಏಕೆಂದು ಬಿಡಿಸಿ ಹೇಳಬೇಕೆ?

ಜಗಳೂರಿನ ನೆಲ ಇನ್‌ಸ್ಪೆಕ್ಟರಿಗಿಂತ ಗಟ್ಟಿ. ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತೇ ಹೊರತು ಮಣ್ಣು ಏಳುತ್ತಿರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯಾಕೆ, "ಮೇಷ್ಟ್ರಿಗೆ ಮಿಲ್ಟ್ರ್ಯಾಗೆ ಯಾರೋ ನಿಧಿ ಗುರ್ತು ಹೇಳ್ಯಾರಂತೆ!" ಎಂದು ಓಣಿಗೆಲ್ಲ ಹಂಚಿದಳು. ಒಂದು ಬೆಳಗ್ಗೆ ದೊಡ್ಡಪ್ಪ ಎದ್ದು ನೋಡಿದರೆ ಗುಂಡಿ ಎದೆಯುದ್ದ ಇಳಿದಿದೆ! ಸುತ್ತ ಕುಂಕುಮ, ನಿಂಬೆಹಣ್ಣು. ಅವರು ನಿಂಬೆಹಣ್ಣನ್ನೆಲ್ಲ ಆರಿಸಿ ತಂದು ಶರಬತ್ತು ಮಾಡಿ ಕುಡಿದು, ಗುಂಡಿಯನ್ನು ಇನ್ನೊಮ್ಮೆ ನೋಡಿ ಹೇಳಿದರಂತೆ: "ಆಳ ಚಲೋ ಐತೆ. ಅಗಲ ಸಾಲ್ದು. ಇವತ್ತೂ ಬರ್ತಾರೇನೋ ನೋಡಾಣ."

ಇಷ್ಟು ಚೆನ್ನಾದ ಗುಂಡಿಯನ್ನು ಬಿಟ್ಟುಹೋಗಲು ಯಾರಿಗೆ ಮನಸ್ಸು ಬಂದೀತು? ನಿವೃತ್ತರಾದ ಮೇಲೂ ಅಲ್ಲೇ ಉಳಿದರು.

ಹೋದ ವರ್ಷ ಆ ಮನೆಯಲ್ಲಿ ತಲೆ ಸುತ್ತಿ ಬಿದ್ದರು. ಸಂಜೆ ಹಾಲಿನವನು ಬರುವವರೆಗೆ ಯಾರಿಗೂ ಗೊತ್ತಾಗಿರಲಿಲ್ಲ. ನಾನೋ, ಬೀಗ ಹಾಕಿದ ಬಾಗಿಲನ್ನು ತಳ್ಳಿ ನೋಡಿ, ಬಸ್‌ ಸ್ಟ್ಯಾಂಡಿನವರೆಗೆ ಹೋಗಿ, ಇನ್ನೊಮ್ಮೆ ತಳ್ಳಲು ವಾಪಸ್ಸು ಬರುವ ಜಾತಿಯವನು. ಸುದ್ದಿ ಕೇಳಿದವನೇ ಜಗಳೂರಿನ ಬಸ್ ಹತ್ತಿದೆ. ಹೊನ್ನಾಳಿಯ ನಮ್ಮ ಮನೆಗೆ ಕರೆತಂದೆ. ಇನ್ನು ಅವರು ಒಂಟಿಯಾಗಿರಕೂಡದು ಎಂದು ಡಾಕ್ಟರು ಹೇಳಿದ್ದರು. ಗುದ್ದಲಿ ಮುಟ್ಟಕೂಡದು ಎಂದೂ ಹೇಳಿದ್ದರು. ಎರಡನೆಯದನ್ನು ನಾನೇ ಹೇಳಿಸಿದ್ದೆ ಅನ್ನಿ.

ವಾರದೊಳಗೆ ದೊಡ್ಡಪ್ಪ ಟ್ರಂಕು ಕಟ್ಟಿ ಹೊಸ್ತಿಲ ಬಳಿ ಇಟ್ಟರು.

"ಯಾಕೆ ದೊಡ್ಡಪ್ಪಾ? ಏನಾರ ಬೇಜಾರಾತಾ?"

"ಏನೂ ಇಲ್ಲಪ್ಪ. ಕಣ್ಣಿಗೆ ನಿದ್ದೀನೇ ಹತ್ತವಲ್ದು. ಸುತ್ತ ಬರೀ ಟೈಲ್ಸು ಹಾಕ್ಸಿ ಕುಂತೀಯ. ನಾನು ಜಗಳೂರಿಗೆ ಹೋಗ್ತೀನಿ."

ಅಲ್ಲಿ ಮತ್ತೆ ಬಿದ್ದರೆ? ಹಾಲಿನವನು ಆ ದಿನ ರಜೆ ಹಾಕಿದರೆ? ನನ್ನ ಹೆಂಡತಿ ನನ್ನ ಮುಖ ನೋಡಿದಳು. "ರೀ, ಕರಿಬೇವಿನ ಗಿಡದ ಹತ್ರ ಒಂದಿಷ್ಟು ಮಣ್ಣೈತಲ್ಲ. ತೋಡ್ರಿ ಅತ್ಲಾಗೆ."

ತೋಡಿದೆ! ಪೆನ್ನಿಗಿಂತ ಭಾರವಾದುದನ್ನು ಎತ್ತದ ನಾನು, ಪ್ರತಿ ಏಟಿಗೂ ಪಕ್ಕದ ಕಕ್ಕಸುಗುಂಡಿ ಒಡೆದೀತೆಂದು ಬೆವರುತ್ತಾ ತೋಡಿದೆ. ದೊಡ್ಡಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಹುಕುಂ ಹೊರಡಿಸುತ್ತಿದ್ದರು. "ಲೇ, ಅದು ಗುದ್ದಲಿ, ಗಂಧದಕಡ್ಡಿ ಅಲ್ಲ! ಆಳ ಸಾಕು. ಅಗಲ ಮಾಡು."

ತೊಡೆಮಟ್ಟವಾಗುವಷ್ಟರಲ್ಲಿ ಅಂಗೈ ತುಂಬ ಬೊಬ್ಬೆ. "ಇವತ್ತಿಗೆ ಒಬ್ರು ಹಿಡಿಯಂಗೆ ಆಗೇತಲ್ಲ ದೊಡ್ಡಪ್ಪಾ. ಉಳಿದಿದ್ದು ನಾಳೆ ತೋಡ್ತೀನಿ" ಎಂದೆ.

"ನಾಳೆ ಅನ್ಬ್ಯಾಡ!"

ಆ ದನಿಯನ್ನು ನಾನೆಂದೂ ಕೇಳಿರಲಿಲ್ಲ. ಅವರು ನನ್ನ ಅಂಗೈಯನ್ನು ಹಿಡಿದುಕೊಂಡು ಬೊಬ್ಬೆಗಳನ್ನು ನೋಡಿದರು.

"ಅವನ ಕೈಗೂ ಹಿಂಗೇ ಬೊಬ್ಬೆ ಎದ್ದಿದ್ವು. ಯುದ್ಧದಾಗೆ ಜತೆಗಿದ್ದ ಮರಾಠಿ ಹುಡುಗ, ನನಗಿಂತ ಚಿಕ್ಕೋನು. ನಾಳೆ ತೋಡ್ಕಂತೀನಿ ಅಂದ. ನಾನೂ ಹೂಂ ಅಂದು, ನನಗಾಗೋವಷ್ಟು ತೋಡ್ಕಂಡು ಮಲಗಿದೆ. ಬೆಳಕು ಹರಿಯೋಕೆ ಮುಂಚೆ ಶೆಲ್ ಬೀಳಾಕೆ ಶುರುವಾದ್ವು. ನನ್ನ ಗುಂಡಿಗೇ ಓಡಿ ಬಂದ. ಒಬ್ರೇ ಹಿಡೀತಿದ್ರು ಕಣೋ ಅದ್ರಾಗೆ."

ನಾನು ಗುದ್ದಲಿ ಎತ್ತಿದೆ. ಬೊಬ್ಬೆಗಳು ಯಾವಾಗ ಒಡೆದವೋ ತಿಳಿಯಲಿಲ್ಲ.

ಅಗಲವಾದ ಮೇಲೆ ದೊಡ್ಡಪ್ಪ ನನ್ನ ಹೆಗಲು ಹಿಡಿದು ಮೆಲ್ಲಗೆ ಇಳಿದು ಕುಳಿತರು. ಪಕ್ಕದಲ್ಲಿ ನಾನು ಕುಳಿತೆ. ಹೆಗಲಿಗೆ ಹೆಗಲು ತಾಗುತ್ತಿತ್ತು. ಆಶ್ಚರ್ಯವೆಂದರೆ, ಮುಂಬಾಗಿಲು ಹಾಕಿದ್ದೇನೋ ಇಲ್ಲವೋ ಎಂದು ನನಗೆ ನೆನಪೇ ಆಗಲಿಲ್ಲ!

ಚಹಾ ತಂದ ನನ್ನ ಹೆಂಡತಿ, ನೆಲದಿಂದ ಮೇಲೆ ಕಾಣುತ್ತಿದ್ದ ಎರಡು ಬೋಳುತಲೆಗಳನ್ನು ನೋಡಿ ನಗು ತಡೆದುಕೊಂಡು ಕೇಳಿದಳು: "ಮಾವಾ, ಟ್ರಂಕು ಬಿಚ್ಚಿಡ್ಲಾ?"

"ಬಿಚ್ಚಿಡುವಿಯಂತೆ ತಗ, ಆಮೇಲೆ," ಎಂದರು ದೊಡ್ಡಪ್ಪ, ನನ್ನನ್ನು ಮೊಣಕೈಯಿಂದ ಆಚೆ ತಳ್ಳುತ್ತಾ. "ಮೊದ್ಲು ನೀನೂ ಬಾರವ್ವ. ಇನ್ನೂ ಒಬ್ರು ಹಿಡೀತಾರೆ."