ದಾಖಲೆಕೋಣೆಗೆ ಬಂದ ಕರ್ಪೂರ

ನಾನು ಕರ್ಪೂರಕ್ಕೆ ಹೆದರುವ ಮನುಷ್ಯ. ದೇವರಿಗಲ್ಲ, ಕರ್ಪೂರಕ್ಕೆ. ಇತಿಹಾಸದಲ್ಲಿ ಎಂ.ಎ. ಮುಗಿಸಿ ಧಾರವಾಡದ ಒಂದು ದಾಖಲೆ ಸಂಗ್ರಹದಲ್ಲಿ ಗುತ್ತಿಗೆ ಸಹಾಯಕನಾಗಿ ಸೇರಿದಂದಿನಿಂದ ಈ ಭಯ ಜೊತೆಗಿದೆ. ಅಲ್ಲಿಯ ಕಾಗದಗಳು ಎಷ್ಟು ಜೀರ್ಣವೆಂದರೆ, ಸೀನು ಬಂದರೂ ನಾನು ಹೊರಗೆ ಓಡುತ್ತೇನೆ. ರಾಯಾಪುರದ ಮನೆಯಲ್ಲಿ ಅವ್ವ ಆರತಿ ಬೆಳಗಿದರೂ ನನ್ನ ಕಣ್ಣು ನೀರಿನ ಕೊಡವನ್ನೇ ಹುಡುಕುತ್ತದೆ.

ದಸರೆಯ ಸೂಟಿಗೆ ಮೊದಲು ಆಫೀಸಿನಲ್ಲಿ ಖಂಡೆ ಪೂಜೆ, ಅಂದರೆ ಆಯುಧಪೂಜೆ. ಡ್ರೈವರ್ ಜೀಪನ್ನು ಪೂಜಿಸಿದ, ಮಾಲಿ ಗುದ್ದಲಿಯನ್ನು. ಹಿರಿಯ ಗುಮಾಸ್ತೆ ಶಾಂತಕ್ಕ ಮಾತ್ರ ಅರಿಷಿಣ, ಕುಂಕುಮ, ಕರ್ಪೂರ ಹಿಡಿದು ನೇರ ದಾಖಲೆಕೋಣೆಯ ಬಾಗಿಲಿಗೇ ಬಂದರು. "ತಮ್ಮಾ, ಎಲ್ಲಾಕ್ಕಿಂತ ಹಳೇ ಕಾಗದ ಒಂದು ತಗದಿಡು. ನಮ್ಮ ಆಯುಧ ಅಂದ್ರ ಅದ ನೋಡಪಾ."

"ಅಕ್ಕಾರ, ಬೆಂಕಿರಿ... ಕಾಗದರಿ..."

"ಸರಸ್ವತಿ ಸುಡ್ತಾಳೇನೋ? ಎಂ.ಎ. ಕಲ್ತು ಇಷ್ಟು ಅಂಜ್ತೀಯಲ್ಲೋ!"

ಶಾಂತಕ್ಕನಿಗೆ ಇಲ್ಲವೆನ್ನುವ ಧೈರ್ಯ ನನಗಿರಲಿಲ್ಲ. ಕಪಾಟು ತೆರೆಯುವ ಧೈರ್ಯವೂ ಇರಲಿಲ್ಲ. ಸೂಟಿ ಮುಗಿದ ಕೂಡಲೇ ಅಲ್ಲಿಯೇ ಕಾಯಂ ಹುದ್ದೆಗೆ ಸಂದರ್ಶನವಿತ್ತು. ಒಂದು ಹಾಳೆ ಸುಟ್ಟರೆ ನನ್ನ ನೌಕರಿಯೂ ಸುಟ್ಟಂತೆ. ಸಂದರ್ಶನಕ್ಕೆ ಝೆರಾಕ್ಸ್ ಮಾಡಿಸಲೆಂದು ತಂದಿದ್ದ ಮೂಲ ಪದವಿಪತ್ರ ಚೀಲದಲ್ಲಿತ್ತು. ಅದನ್ನೇ ತೆಗೆದು, ಕೋಣೆಯ ಬಾಗಿಲು ಹಾಕಿ, ಪಡಸಾಲೆಯ ಮೇಜಿನ ಮೇಲಿಟ್ಟೆ. "ಅಕ್ಕಾರ, ನನ್ನ ಆಯುಧ ಇದರಿ."

ಅವರು ಒಪ್ಪಿದರು. ಅರಿಷಿಣ ಹಚ್ಚಿದರು, ಕುಂಕುಮ ಏರಿಸಿದರು. ಆರತಿ ಎತ್ತುವಾಗ ಗಾಳಿ ಬೀಸಿತು. ಕರ್ಪೂರದ ಬಿಲ್ಲೆ ತಟ್ಟೆಯಿಂದ ಜಾರಿ ಪತ್ರದ ಅಂಚಿಗೆ ಬಿತ್ತು. ಅಂಚು ಮಾತ್ರ ಸುಟ್ಟಿತ್ತು ಎಂದು ಶಾಂತಕ್ಕ ಇಂದಿಗೂ ಸಾಧಿಸುತ್ತಾರೆ. ಉಳಿದದ್ದನ್ನೆಲ್ಲ ಕೆಡಿಸಿದ್ದು ನಾನು ಬೆಳಿಗ್ಗೆಯೇ ತುಂಬಿಟ್ಟುಕೊಂಡಿದ್ದ ಬಕೆಟ್ ನೀರು.

ಸಂದರ್ಶನದಲ್ಲಿ ಅಧಿಕಾರಿಯೊಬ್ಬರು ಆ ಹಳದಿ, ಸುಕ್ಕುಗಟ್ಟಿದ ವಸ್ತುವನ್ನು ಎರಡೇ ಬೆರಳಲ್ಲಿ ಎತ್ತಿ, "ಯಾವ ಶತಮಾನದ್ದರಿ ಇದು?" ಎಂದರು. ನಡೆದದ್ದನ್ನು ನಡೆದಂತೆಯೇ ಹೇಳಿದೆ.

"ಕಪಾಟಿನ್ಯಾಗಿನ ಕಾಗದಾ?"

"ಒಂದೂ ಹೊರಗ ಬಂದಿಲ್ರಿ ಸರ್."

ಅವರು ಬಹಳ ಹೊತ್ತು ನಕ್ಕರು. ವಿಶ್ವವಿದ್ಯಾಲಯದಿಂದ ಎರಡನೆಯ ಪ್ರತಿ ತರಲು ಹೇಳಿದರು. ತಂದುಕೊಟ್ಟೆ; ನೌಕರಿ ಸಿಕ್ಕಿತು.

ಈಗ ಮತ್ತೆ ದಸರೆ ಬಂದಿದೆ. ನಿನ್ನೆ ಶಾಂತಕ್ಕ ನೆನಪಿಸಿದರು: "ತಮ್ಮಾ, ನಿನ್ನ ಸರ್ಟಿಫಿಕೇಟ್ ತರೂದು ಮರೀಬ್ಯಾಡ. ಪದ್ಧತಿ ತಪ್ಪಸಬಾರ್ದು." ಪದ್ಧತಿಗಳು ಹೇಗೆ ಹುಟ್ಟುತ್ತವೆ ಎಂದು ಎಂ.ಎ.ಯಲ್ಲಿ ಒಂದಿಡೀ ಪತ್ರಿಕೆ ಓದಿದ್ದೆ. ಅಂಜುಬುರುಕನೊಬ್ಬನಿಂದ ಹುಟ್ಟುತ್ತವೆ ಎಂದು ಯಾರೂ ಕಲಿಸಿರಲಿಲ್ಲ.