ಏಳನೇ ಕ್ಲಾಸಿನ ಲೆಕ್ಕದಲ್ಲಿ ನಾಯಿಯ ಪಾಲು

ಓದಿದವರು ನಾಲ್ಕು ಮಂದಿ ಒಂದು ಮೇಜಿನ ಸುತ್ತ ಕೂತು, ಚೆನ್ನಾಗಿಯೇ ಇರುವ ಒಂದನ್ನು ಇನ್ನೂ ಚೆನ್ನಾಗಿ ಮಾಡಲು ಹೊರಟರೆ ಏನಾಗುತ್ತದೆ ಎಂಬುದನ್ನು ನಾನು ಹಲವು ಸಲ ಕಂಡಿದ್ದೇನೆ. ಮಹಿಳಾ ಸಮಾಜದಲ್ಲಿ ಕಂಡಿದ್ದೇನೆ, ಸಹಕಾರ ಸಂಘದಲ್ಲಿ ಕಂಡಿದ್ದೇನೆ, ನಮ್ಮ ಮನೆಯ ಮದುವೆಗಳಲ್ಲಂತೂ ತಪ್ಪದೆ ಕಂಡಿದ್ದೇನೆ. ಹೋದ ವರ್ಷ ಒಂದು ಗಣಿತ ಪುಸ್ತಕದ ಹಣೆಯಲ್ಲೂ ಅದೇ ಬರೆದಿತ್ತು.

ನಮ್ಮ ಕಡೆ ಎಸ್ಟೇಟುಗಳ ನಡುವೆ ಕೆಲವು ಶಾಲೆಗಳನ್ನು ನಡೆಸುವ ಟ್ರಸ್ಟ್ ಒಂದಿದೆ. ಅಲ್ಲಿ ಏಳನೇ ಕ್ಲಾಸಿಗೆ ಹೊರಗಿನಿಂದ ತರಿಸುವ ಲೆಕ್ಕದ ಪುಸ್ತಕದ ತುಂಬ ಮೆಟ್ರೋ ರೈಲು ಮತ್ತು ಲಿಫ್ಟು. ನಮ್ಮ ಜಿಲ್ಲೆಯಲ್ಲಿ ರೈಲೇ ಇಲ್ಲ. 'ರೈಲು ಎಷ್ಟು ಗಂಟೆಗೆ ತಲುಪುತ್ತದೆ?' ಎಂಬ ಪ್ರಶ್ನೆಗೆ ಒಬ್ಬ ಹುಡುಗ 'ಕೊಡಗಿಗೆ ತಲುಪುವುದಿಲ್ಲ' ಎಂದು ಬರೆದು ಸೊನ್ನೆ ತೆಗೆದುಕೊಂಡಿದ್ದ. ಅದನ್ನು ನೋಡಿ ಬೇಸತ್ತು ಅಲ್ಲಿನ ಗಣಿತದ ಟೀಚರ್, ನಾಪೋಕ್ಲು ಕಡೆಯ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿ, ತಾನೇ ಒಂದು ಪುಸ್ತಕ ಬರೆದಳು. ಮಕ್ಕಳು ಇಷ್ಟು ಕಲಿತಿರಬೇಕು ಎಂಬ ಕಲಿಕಾ ಫಲಗಳಿಗೆ ಆ ಪುಸ್ತಕ ಹೊಂದುತ್ತದೆ ಎಂದು ಟ್ರಸ್ಟಿನ ಸಮಿತಿ ಅಂಕದ ನಮೂನೆ ತುಂಬಿ ಒಪ್ಪಿದರೆ ಜೂನಿನಲ್ಲಿ ಮಕ್ಕಳ ಕೈಗೆ ಅದು ಬರುತ್ತದೆ. ಒಪ್ಪದಿದ್ದರೆ ಮತ್ತೆ ರೈಲು.

ಸಮಿತಿಯಲ್ಲಿ ಮೂವರು. ಅಧ್ಯಕ್ಷರು ಬಾಳೆಲೆ ಎಂಬ ಊರಿನ ಕಾಫಿ ಬೆಳೆಗಾರರು. ಎರಡನೆಯವರು ಉತ್ತರ ಕೊಡಗಿನ ನಿವೃತ್ತ ಹೆಡ್‌ಮಾಸ್ಟರು, ಶುದ್ಧ ಸಸ್ಯಾಹಾರಿ, ನಿಯಮ ಎಂದರೆ ನಿಯಮ. ಮೂರನೆಯವಳು ನಾನು. ಆ ಕಾಲದಲ್ಲೇ ಮೈಸೂರಿಗೆ ಹೋಗಿ ಗಣಿತದಲ್ಲಿ ಬಿ.ಎಸ್ಸಿ. ಮಾಡಿ ಬಂದವಳು. ಸಭೆ ಸೇರುವುದು ಸುಂಟಿಕೊಪ್ಪದ ಶಾಲೆಯಲ್ಲಿ. ನಡಾವಳಿ ಬರೆಯುವ ಕೆಲಸ ನನ್ನದು. ಬೇರೆ ಯಾರು ಬರೆದರೂ ನನಗೆ ಸಮಾಧಾನವಿಲ್ಲ.

ಔಟ್‌ಟರ್ನ್

ಮೊದಲ ಸಭೆಯಲ್ಲಿ ಅಧ್ಯಕ್ಷರು ಪುಸ್ತಕವನ್ನು ತೆರೆಯಲಿಲ್ಲ. ಅಂಗೈಯಲ್ಲಿಟ್ಟು ತೂಗಿದರು. ಬೆರಳಿನಿಂದ ಅಂಚು ಸವರಿದರು. ಕಾಫಿ ಬೀಜದ ಸ್ಯಾಂಪಲ್ಲಿಗೆ ಮಾಡುವ ಹಾಗೆ ಮೂಗಿನ ಹತ್ತಿರ ಹಿಡಿದು ಮೂಸಿಯೂ ನೋಡಿದರು. ಆಮೇಲೆ ಕೇಳಿದರು: "ಇದರ ಔಟ್‌ಟರ್ನ್ ಎಷ್ಟು?"

ಟೀಚರಿಗೆ ಅರ್ಥವಾಗಲಿಲ್ಲ. ಅಧ್ಯಕ್ಷರು ತಾಳ್ಮೆಯಿಂದ ವಿವರಿಸಿದರು. "ಒಂದು ಮೂಟೆ ಒಣಗಿದ ಕಾಫಿ ಚೆರಿ ಕ್ಯೂರಿಂಗಿಗೆ ಕೊಟ್ಟರೆ ಸಿಪ್ಪೆ ಹೋಗಿ ಇಷ್ಟು ಕ್ಲೀನ್ ಕಾಫಿ ಅಂತ ಬರುತ್ತದೆ. ಹಾಗೆ ಇಷ್ಟು ಪುಟ ಓದಿಸಿದರೆ ಮಕ್ಕಳಲ್ಲಿ ಎಷ್ಟು ಕಲಿಕಾ ಫಲ ಉಳಿಯುತ್ತದೆ ಮೋಳೆ?" ಅವರ ಬಾಯಲ್ಲಿ ಮೋಳೆ ಎಂದರೆ ಮಗಳೇ.

ನಿಜ ಹೇಳಬೇಕೆಂದರೆ ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಯಾವ ಶಿಕ್ಷಣ ಅಧಿಕಾರಿಯ ಬಾಯಲ್ಲೂ ಕೇಳಿಲ್ಲ. ಟೀಚರ್ ಉತ್ತರಿಸುವ ಮೊದಲೇ ಹೆಡ್‌ಮಾಸ್ಟರು ಕನ್ನಡಕ ಒರೆಸುತ್ತಾ ಹೇಳಿದರು: "ಅಧ್ಯಕ್ಷರೇ, ನಮ್ಮ ಇಲಾಖೆಯಲ್ಲಿ ಯಾವಾಗಲೂ ಸಿಪ್ಪೆಯನ್ನೇ ತೂಗ್ತಿದ್ದದ್ದು."

ಇಂಚು ಮತ್ತು ಮಿಲ್ಲಿಮೀಟರು

ದಶಮಾಂಶ ಮತ್ತು ಸರಾಸರಿಯ ಪಾಠಕ್ಕೆ ಟೀಚರ್ ಮಳೆಯನ್ನು ತೆಗೆದುಕೊಂಡಿದ್ದಳು. ಕೊಡಗಿನಲ್ಲಿ ತೋಟ ಇರುವ ಪ್ರತಿ ಮನೆಯಲ್ಲೂ ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಎದ್ದು ಅಳೆದು ಬರೆಯುವುದು ಇಂಚು ಮತ್ತು ಸೆಂಟಿನಲ್ಲಿ, ನೂರು ಸೆಂಟಿಗೆ ಒಂದು ಇಂಚು. ನಾನೂ ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಬರೆದಿಟ್ಟುಕೊಂಡು ಬಂದವಳೇ. ಎರಡು ಇಂಚು ಮೂವತ್ತೈದು ಸೆಂಟ್ ಎಂದರೆ ಎರಡು ಪಾಯಿಂಟ್ ಮೂರು ಐದು. ದಶಮಾಂಶ ಕಲಿಸಲು ಇದಕ್ಕಿಂತ ಸುಲಭದ ದಾರಿ ಬೇಕೆ?

ಹೆಡ್‌ಮಾಸ್ಟರು ನಮೂನೆಯ ಮೇಲೆ ಬೆರಳಿಟ್ಟರು. "ಮೆಟ್ರಿಕ್ ಅಳತೆ ಅಂತ ಸ್ಪಷ್ಟವಾಗಿ ಇದೆ ಕಣ್ರೀ. ಮಿಲ್ಲಿಮೀಟರು ಹಾಕಿಸಿ."

"ಮಿಲ್ಲಿಮೀಟರಿನಲ್ಲಿ ಮಳೆ ಬಂದರೆ ಕಾಫಿ ಹೂ ಅರಳುದಿಲ್ಲ ಮೇಷ್ಟ್ರೇ," ಎಂದರು ಅಧ್ಯಕ್ಷರು. ಮಾತು ಗಟ್ಟಿ ಮಾಡಲು ಪಕ್ಕದ ತೋಟದವರಿಗೆ ಫೋನ್ ಹಚ್ಚಿ, ನಿನ್ನೆ ಎಷ್ಟು ಮಳೆ ಎಂದು ಕೇಳಿದರು. ಅತ್ತಲಿಂದ ಎಂಬತ್ತು ಸೆಂಟ್ ಎಂದು ಉತ್ತರ ಬಂತು. ಫೋನ್ ಇಟ್ಟವರ ಮುಖ ಕೆಂಪಾಗಿತ್ತು. "ಸುಳ್ಳು. ನನ್ನಲ್ಲಿ ಎಪ್ಪತ್ತು. ನಮ್ಮಿಬ್ಬರ ನಡುವೆ ಇರುದು ಒಂದು ಬೇಲಿ."

"ಅದಕ್ಕೇ ನಾನು ಮಿಲ್ಲಿಮೀಟರು ಬೇಕು ಅನ್ನೋದು."

"ಮಿಲ್ಲಿಮೀಟರಿನಲ್ಲೂ ಅವನು ಸುಳ್ಳೇ ಹೇಳುದು."

ಎರಡೂ ಅಳತೆ ಇರಲಿ, ಪಕ್ಕಪಕ್ಕದಲ್ಲಿ ಬರೆಯೋಣ ಎಂದೆ. ಒಬ್ಬರೂ ಒಪ್ಪಲಿಲ್ಲ. ಜಗಳವೇ ಬೇಡವೆಂದು ಮಳೆಯನ್ನೇ ತೆಗೆದು ಒಬ್ಬ ಕ್ರಿಕೆಟ್ ಆಟಗಾರನ ರನ್ನುಗಳ ಸರಾಸರಿ ಹಾಕಿಸಿದರು. ಕೊಡಗಿನ ಪುಸ್ತಕದಿಂದ ಮಳೆ ಹೋಯಿತು. ನನ್ನ ಭಿನ್ನಾಭಿಪ್ರಾಯವನ್ನು ನಾನೇ ದುಂಡಗೆ ಬರೆದುಕೊಂಡೆ.

ಮುಂದಿನ ಸಭೆಗೆ ಟೀಚರ್ ತಿದ್ದಿ ತಂದ ಲೆಕ್ಕದಲ್ಲಿ 'ಐದನೆಯ ಪಂದ್ಯ ಮಳೆಯಿಂದ ರದ್ದಾಯಿತು' ಎಂಬ ಒಂದು ಸಾಲಿತ್ತು. ಹೆಡ್‌ಮಾಸ್ಟರು ಅದರ ಕೆಳಗೆ ಗೆರೆ ಎಳೆದರು. "ಮತ್ತೆ ಮಳೆ ತಂದೆಯಲ್ಲಮ್ಮ. ಇದು ಎಷ್ಟು ಮಿಲ್ಲಿಮೀಟರು?"

ಜನವರಿಯ ಖಾಲಿ ಮನೆ

ಪುಸ್ತಕದ ಕೊನೆಗೆ ತಿಂಗಳುವಾರು ಪಾಠಗಳ ಪಟ್ಟಿ ಇತ್ತು. ಅದರಲ್ಲಿ ಜುಲೈ ತೆಳ್ಳಗೆ, ಜನವರಿ ಖಾಲಿ.

"ಜುಲೈಯಲ್ಲಿ ಮಳೆ ರಜೆ ಸರ್," ಎಂದಳು ಟೀಚರ್. "ಜನವರಿಯಲ್ಲಿ ಪಿಕ್ಕಿಂಗ್. ಅಪ್ಪ ಅಮ್ಮ ಹಣ್ಣು ಕೊಯ್ಯಲು ಹೋದರೆ ಕೂಲಿಯವರ ಲೈನ್‌ಮನೆಯ ಮಕ್ಕಳು ಚಿಕ್ಕವರನ್ನು ನೋಡಿಕೊಂಡು ಮನೆಯಲ್ಲೇ ಉಳೀತಾರೆ. ಬಂದ ನಾಲ್ಕು ಮಕ್ಕಳಿಗೆ ಹೊಸ ಪಾಠ ಮಾಡಿದರೆ ಉಳಿದವರು ವರ್ಷವಿಡೀ ಹಿಂದೆ. ಅದಕ್ಕೆ ಆ ತಿಂಗಳು ಹಳೆಯ ಪಾಠದ ಅಭ್ಯಾಸ ಮಾತ್ರ."

"ಪಟ್ಟಿಯಲ್ಲಿ ಖಾಲಿ ಮನೆ ಬಿಡೋ ಹಾಗಿಲ್ಲ," ಎಂದರು ಹೆಡ್‌ಮಾಸ್ಟರು. ಅಧ್ಯಕ್ಷರೂ ತಲೆಯಾಡಿಸಿದರು. ಇಡೀ ವರ್ಷದ ಅತಿ ಕಷ್ಟದ ಪಾಠ, ಸಮೀಕರಣ, ಜನವರಿಗೆ ಬಂತು. ಜುಲೈಗೆ ಬಂದದ್ದು ಅಂಗಳದಲ್ಲಿ ಮರದ ನೆರಳು ಅಳೆಯುವ ಚಟುವಟಿಕೆ. ಜುಲೈಯಲ್ಲಿ ನಮ್ಮಲ್ಲಿ ಮರಕ್ಕೆ ನೆರಳಿರಲಿ, ಮನುಷ್ಯರಿಗೂ ಇರುವುದಿಲ್ಲ.

ಸಭೆ ಮುಗಿಸುವಾಗ ಮುಂದಿನ ದಿನಾಂಕದ ಮಾತು ಬಂತು. ಅಧ್ಯಕ್ಷರು ಡೈರಿ ತೆರೆದರು. "ಜನವರಿ ಮಾತ್ರ ಬೇಡ ಅಕ್ಕ. ಪಿಕ್ಕಿಂಗ್ ಸಮಯ, ತೋಟ ಬಿಟ್ಟು ಬರಲಿಕ್ಕೆ ಆಗುದಿಲ್ಲ."

ಮೇಜಿನ ಆಚೆಯಿಂದ ಟೀಚರ್ ಮೆಲ್ಲಗೆ ಅಂದಳು: "ಹಾಗಾದರೆ ಜನವರಿಯಲ್ಲಿ ಪುರುಸೊತ್ತು ಇರುದು ಮಕ್ಕಳಿಗೆ ಮಾತ್ರ ಅಂತಾಯ್ತು."

ಹಂದಿ

ಪುಸ್ತಕದ ಜೀವ ಇದ್ದದ್ದು ಈ ಲೆಕ್ಕದಲ್ಲಿ. ಟೀಚರ್ ಅದನ್ನು ತರಗತಿಯಲ್ಲಿ ಮಾಡಿ ತೋರಿಸಿದಳು. ನಾವು ಮೂವರೂ ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತಿದ್ದೆವು.

"ಅಜ್ಜಂದಿರ ಕಾಲದ ಬೇಟೆ. ಆರು ಜನ, ಎರಡು ನಾಯಿ. ಸಿಕ್ಕಿದ್ದು ಇಪ್ಪತ್ತನಾಲ್ಕು ಕೆಜಿ ಹಂದಿ ಮಾಂಸ. ಎಲ್ಲರಿಗೂ ಒಂದೊಂದು ಪಾಲು, ಗುಂಡು ಹೊಡೆದವನಿಗೆ ಒಂದು ಪಾಲು ಹೆಚ್ಚು, ನಾಯಿಗೆ ಅರ್ಧ ಪಾಲು. ಯಾರಿಗೆ ಎಷ್ಟು?"

ಬೇಟೆಯಲ್ಲಿ ನಾಯಿಗೂ ಪಾಲು ಇಡುವುದು ನಮ್ಮ ಕಡೆಯ ಹಳೆಯ ಪದ್ಧತಿ. ಮಕ್ಕಳು ಅದನ್ನು ಮನೆಯಲ್ಲಿ ಕೇಳಿ ಬೆಳೆದವರು. ಒಟ್ಟು ಎಂಟು ಪಾಲು, ಪಾಲಿಗೆ ಮೂರು ಕೆಜಿ ಎಂದು ಹಲವರು ಒಟ್ಟಿಗೆ ಹೇಳಿದರು. ಒಬ್ಬಳು ಎದ್ದು ನಿಂತಳು. "ಮಿಸ್, ನಾಯಿಯ ಪಾಲು ಯಾರು ತಿನ್ನುದು?"

"ನಾಯಿಯ ಯಜಮಾನ."

ಅವಳು ಸ್ವಲ್ಪ ಯೋಚಿಸಿದಳು. "ಎರಡು ನಾಯಿಯೂ ಒಬ್ಬನದ್ದೇ ಆದರೆ ಅವನಿಗೂ ಆರು ಕೆಜಿ, ಗುಂಡು ಹೊಡೆದವನಿಗೂ ಆರು ಕೆಜಿ. ನಮ್ಮ ಅಜ್ಜನಿಗೆ ಕೋವಿ ಹಿಡಿಯಲಿಕ್ಕೇ ಬರ್ತಿರಲಿಲ್ಲ ಮಿಸ್. ಮನೆಯಲ್ಲಿ ನಾಯಿ ಮಾತ್ರ ಎರಡು ಇತ್ತಂತೆ. ಈಗ ಗೊತ್ತಾಯ್ತು."

ಅಷ್ಟು ನಗುವ ಗಣಿತದ ತರಗತಿಯನ್ನು ನಾನು ನನ್ನ ಇಡೀ ಸೇವೆಯಲ್ಲಿ ಕಂಡಿರಲಿಲ್ಲ. ಭಿನ್ನರಾಶಿ, ಅನುಪಾತ, ಸಮೀಕರಣ, ಮೂರೂ ಒಂದೇ ಲೆಕ್ಕದಲ್ಲಿ ಬಂದಿತ್ತು. ನಮೂನೆಯಲ್ಲಿ ಮೂರು ಕಡೆ ಗುರುತು ಹಾಕಿದೆ.

ಮಧ್ಯಾಹ್ನದ ಸಭೆಯಲ್ಲಿ ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡರು. ಬೇಟೆ ಕಾನೂನಿಗೆ ವಿರುದ್ಧ, ಅದು ಒಂದು. ಮಾಂಸ ತಿನ್ನದ ಮನೆಯ ಮಕ್ಕಳೂ ಇದ್ದಾರೆ, ಅದು ಇನ್ನೊಂದು. ಹಂದಿಯ ಬದಲು ಹಲಸಿನ ಹಣ್ಣು ಹಾಕೋಣ ಎಂದರು.

"ಹಲಸಿಗೆ ಗುಂಡು ಹೊಡೆಯುದು ಯಾರು ಮೇಷ್ಟ್ರೇ?" ಎಂದರು ಅಧ್ಯಕ್ಷರು.

ಗುಂಡು ಹೋಯಿತು. ನಾಯಿ ಹಲಸು ತಿನ್ನುತ್ತದೆಯೇ ಎಂಬ ಚರ್ಚೆ ಚಹಾ ಬರುವವರೆಗೂ ನಡೆಯಿತು. ತನ್ನ ನಾಯಿ ತಿನ್ನುತ್ತದೆ ಎಂದು ಅಧ್ಯಕ್ಷರು ಎಷ್ಟು ಹೇಳಿದರೂ ಹೆಡ್‌ಮಾಸ್ಟರು ಕೇಳಲಿಲ್ಲ. ನಾಯಿಯೂ ಹೋಯಿತು. ಆಮೇಲೆ ತೂಕ ಸಿಪ್ಪೆ ಸಹಿತವೋ ತೊಳೆ ಮಾತ್ರವೋ ಎಂಬ ಪ್ರಶ್ನೆ ಬಂದು ಹಲಸೂ ಹೋಯಿತು. ಕೊನೆಗೆ ಉಳಿದದ್ದು ಇದು: 'ಇಪ್ಪತ್ತನಾಲ್ಕು ಸೇಬುಗಳನ್ನು ಆರು ಮಕ್ಕಳಿಗೆ ಸಮನಾಗಿ ಹಂಚಿ.'

"ಇದು ಮೂರನೇ ಕ್ಲಾಸಿನ ಲೆಕ್ಕ," ಎಂದೆ.

"ತಪ್ಪೇನೂ ಇಲ್ಲವಲ್ಲಮ್ಮ," ಎಂದರು ಹೆಡ್‌ಮಾಸ್ಟರು. ಇರಲಿಲ್ಲ. ತಪ್ಪಾಗಲು ಅದರಲ್ಲಿ ಏನೂ ಉಳಿದಿರಲಿಲ್ಲ.

ಕೊನೆಯ ಕಾಲಂ

ಈ ಜೂನಿನಲ್ಲಿ ಮಕ್ಕಳ ಕೈಗೆ ಬಂದದ್ದು ಮತ್ತೆ ರೈಲಿನ ಪುಸ್ತಕವೇ. ಅದು ಹೇಗೆ ಎಂದು ಕೇಳಿದವರಿಗೆಲ್ಲ ನಾನು ಕೊನೆಯ ಸಭೆಯ ಕಥೆ ಹೇಳುತ್ತೇನೆ.

ಅಂದು ತಿದ್ದಿದ ಪುಸ್ತಕಕ್ಕೆ ಅಂಕ ಹಾಕುವ ದಿನ. ಟೀಚರ್ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಳು. ಒಂದೊಂದು ಕಲಿಕಾ ಫಲದ ಮುಂದೆಯೂ ಪೂರ್ತಿ ಅಂಕ ಬಿತ್ತು. ಹೆಡ್‌ಮಾಸ್ಟರ ಮುಖದಲ್ಲಿ ತೃಪ್ತಿ. ಅಷ್ಟರಲ್ಲಿ ನಮೂನೆಯ ಹಿಂಬದಿಯಲ್ಲಿ ಇನ್ನೊಂದು ಕಾಲಂ ಕಂಡಿತು: 'ಮಕ್ಕಳ ಸ್ಥಳೀಯ ಪರಿಸರದೊಂದಿಗೆ ಸಂಬಂಧ.' ಇದರಲ್ಲಿ ಪಾಸಾಗದಿದ್ದರೆ ಪುಸ್ತಕ ಪಾಸಿಲ್ಲ.

ಮೂವರೂ ಪುಟ ತಿರುಗಿಸಿದೆವು. ಸೇಬು ಇತ್ತು. ಕ್ರಿಕೆಟ್ ಇತ್ತು. ಕೊಡಗಿನದು ಎಂದು ಹೇಳಲು ರಟ್ಟಿನ ಮೇಲೆ ಲೇಖಕಿಯ ಊರಿನ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ಮೊದಲಿನ ಪ್ರತಿಗೇ ಅಂಕ ಹಾಕಿ ಎಂದೆ. ತಿರಸ್ಕರಿಸಿದ ಪ್ರತಿಗೆ ಅಂಕ ಹಾಕುವ ನಿಯಮ ಇಲ್ಲ ಎಂದರು ಹೆಡ್‌ಮಾಸ್ಟರು. ನಿಯಮದ ಪ್ರಕಾರವೇ ಸೊನ್ನೆ ಬಿತ್ತು. ನಿಯಮದ ಪ್ರಕಾರವೇ ಒಂದು ಶಿಫಾರಸೂ ಆಯಿತು: ಈ ಊರನ್ನು ಚೆನ್ನಾಗಿ ಬಲ್ಲ ಸ್ಥಳೀಯ ಶಿಕ್ಷಕಿಯೊಬ್ಬರಿಂದ ಸ್ಥಳೀಯ ಉದಾಹರಣೆಗಳನ್ನು ಬರೆಸಿ ಮುಂದಿನ ವರ್ಷ ಮತ್ತೆ ಮೌಲ್ಯಮಾಪನ ಮಾಡುವುದು. ಯಾರಿಂದ ಬರೆಸುವುದು ಎಂದಾಗ ಅಧ್ಯಕ್ಷರಿಗೂ ಹೆಡ್‌ಮಾಸ್ಟರಿಗೂ ಹೊಳೆದದ್ದು ಒಂದೇ ಹೆಸರು. ಜನವರಿಯ ಖಾಲಿ ಮನೆ ಬಿಟ್ಟರೆ ಅಷ್ಟು ದಿನದಲ್ಲಿ ಅವರಿಬ್ಬರೂ ತಕ್ಷಣ ಒಪ್ಪಿದ್ದು ಅದೊಂದೇ ವಿಷಯ.

ಅವಳನ್ನು ಒಳಗೆ ಕರೆದರು. ಅವಳು ನಿಂತೇ ಎಲ್ಲ ಕೇಳಿದಳು. ಅಧ್ಯಕ್ಷರು ಪ್ರೀತಿಯಿಂದಲೇ ಹೇಳಿದರು: "ಜಾಸ್ತಿ ಬೇಡ ಮೋಳೆ. ಮಳೆ, ಬೇಟೆ, ಪಾಲು, ಅಂಥದ್ದು ಏನಾದರೂ."

ಟೀಚರ್ ಒಮ್ಮೆ ನನ್ನ ಕಡೆ ನೋಡಿದಳು. ಹಾಳೆಗಳನ್ನು ಜೋಡಿಸಿ ಚೀಲಕ್ಕೆ ಹಾಕಿಕೊಂಡಳು.

"ಪಾಲಿನ ಮಾತು ನೀವೇ ತೆಗೆದಿರಿ, ಅದಕ್ಕೆ ಹೇಳ್ತೇನೆ ಸರ್. ಈ ಹಂದಿ ಹೊಡೆದದ್ದು ನಾನು. ತೊಡೆ ನಿಮಗೆ ಹೋಯ್ತು, ತಲೆ ಹೆಡ್‌ಮಾಸ್ಟರಿಗೆ ಹೋಯ್ತು. ಹಳೆ ಕಾಲದಲ್ಲಿ ನಾಯಿಗಾದರೂ ಅರ್ಧ ಪಾಲು ಇಡ್ತಿದ್ದರು."

ಹೆಡ್‌ಮಾಸ್ಟರು ನಿಜವಾಗಿಯೂ ಗಾಬರಿಯಾಗಿ ಎರಡೂ ಕೈ ಅಡ್ಡ ಆಡಿಸಿದರು. "ನನ್ನ ಹೆಸರು ಸೇರಿಸಬೇಡಮ್ಮ. ನಾವು ಅದನ್ನ ಮುಟ್ಟೋರೇ ಅಲ್ಲ."

"ಗೊತ್ತು ಸರ್," ಎಂದಳು ಅವಳು, ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುತ್ತಾ. "ಮುಟ್ಟದೆಯೇ ಪೂರಾ ಮುಗಿಸಿದಿರಿ."