ಸಂಜೆಯಾದರೆ ಕಣ್ಣು ಮುಚ್ಚುವ ಕ್ಯಾಮೆರಾ

ಈರಲಿಂಗಪ್ಪ: ಕರೆಂಟು ಹೋಗಿರ್ಲಿಲ್ಲ ಅಂತ ಎಷ್ಟು ಸಾರಿ ಹೇಳ್ಲಾ ನಿಂಗೆ? ಬೀದಿ ದೀಪ ಉರೀತಿತ್ತು. ಎದುರುಮನೆ ಟಿವಿ ಒದರ್ತಿತ್ತು. ಹಿಂದೂಪುರಕ್ಕೆಲ್ಲ ಇದ್ದ ಕರೆಂಟು ನಿನ್ ಕ್ಯಾಮೆರಾಗೆ ಮಾತ್ರ ಯಾಕ್ಲಾ ಇರ್ಲಿಲ್ಲ?

ಓಬುಳೇಶ್: ಅದೇ ನೋಡ್ತಾ ಇದೀನಿ ಮಾವ...

ಈರಲಿಂಗಪ್ಪ: ಮಾವ? ಯಾವನ್ಲಾ ನಿಂಗೆ ಮಾವ?

ಓಬುಳೇಶ್: ಸಾರ್.

ಈರಲಿಂಗಪ್ಪ: ಹಾಂ! ಕ್ಯಾಮೆರಾ ಸರಿಹೋಗೋಗಂಟ ಸಾರ್. ಆಮ್ಯಾಕೆ ನೋಡಾನ.

ಓಬುಳೇಶ್ ಸ್ಟೂಲಿನ ಮೇಲಿಂದ ಇಳಿದು ಬೆವರು ಒರೆಸಿಕೊಂಡ. ಬರಿ ಕ್ಯಾಮೆರಾ ರಿಪೇರಿಯಾಗಿದ್ದರೆ ಅವನು ಇಷ್ಟು ಬೆವರುವ ಆಸಾಮಿಯಲ್ಲ. ಕಲ್ಯಾಣದುರ್ಗದ ಒಂದು ಮದುವೆಯಲ್ಲಿ ತನುಜಾ ಎಂಬ ಹುಡುಗಿ ಪಾಯಸ ಬಡಿಸುತ್ತ ಇವನ ಎಲೆಗೆ ಎರಡು ಸಾರಿ ಬಡಿಸಿದ್ದಳು. ಅಂದಿನಿಂದ ಇವನಿಗೆ ಬೇರೆ ಯೋಚನೆಯೇ ಇಲ್ಲ. ಹಿರಿಯರ ಮಾತುಕತೆಯೂ ಆಗಿತ್ತು. ಆದರೆ ಹುಡುಗಿಯ ಅಪ್ಪ ಮುರಳಿಕೃಷ್ಣ, "ನಮ್ಮಕ್ಕ ಬಾವ ಹಿಂದೂಪುರದಾಗೇ ಅವ್ರೆ. ಹುಡುಗನ್ನ ನೋಡಿ ಅವ್ರು ಹೂಂ ಅಂದ್ರೆ ನಮ್ಮದೂ ಹೂಂ" ಎಂದುಬಿಟ್ಟಿದ್ದ. ಆ ಬಾವನೇ ಈ ಈರಲಿಂಗಪ್ಪ, ಅಕ್ಕ ಎಂದರೆ ಒಳಗೆ ಹೂವು ಕಟ್ಟುತ್ತ ಕೂತಿರುವ ಬೀರಕ್ಕ. ಇವತ್ತು ಸಂಜೆ ಮುರಳಿಕೃಷ್ಣ ಫೋನು ಮಾಡುತ್ತಾನೆ. ಆ ಹೊತ್ತಿಗೆ ಕ್ಯಾಮೆರಾ ಸರಿಯಾಗದಿದ್ದರೆ ತನುಜಾಳ ಪಾಯಸ ಇನ್ಯಾರದೋ ಎಲೆಗೆ.

ಈರಲಿಂಗಪ್ಪ ಹಿಂದೂಪುರ–ಕಲ್ಯಾಣದುರ್ಗ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ರಿಟೈರ್ ಆದವರು. ಬಸ್ಸು ಇಳಿದರೂ ಅನುಮಾನ ಇಳಿದಿರಲಿಲ್ಲ. ಮನೆ ಮುಂದೆ ನಿಲ್ಲಿಸಿದ ಮೊಪೆಡ್ಡಿನಿಂದ ಯಾರೋ ಪೆಟ್ರೋಲು ಎಳೆಯುತ್ತಿದ್ದಾರೆ ಎಂದು ಬಾಗಿಲ ಮೇಲೆ ಓಬುಳೇಶನ ಕೈಲಿ ಕ್ಯಾಮೆರಾ ಹಾಕಿಸಿದ್ದರು. ಅದು ಹಗಲೆಲ್ಲ ಚೆನ್ನಾಗಿರುತ್ತಿತ್ತು, ರಾತ್ರಿಯೂ ಚೆನ್ನಾಗಿರುತ್ತಿತ್ತು. ಸಂಜೆ ಮಾತ್ರ, ಅವರು ಬಸ್ ಸ್ಟ್ಯಾಂಡಿನ ಕಟ್ಟೆಗೆ ಹರಟೆಗೆ ಹೋಗಿ ಬರುವಷ್ಟರಲ್ಲಿ, ರೆಕಾರ್ಡಿನಲ್ಲಿ ಏನೂ ಇರುತ್ತಿರಲಿಲ್ಲ.

ಈರಲಿಂಗಪ್ಪ: ಅಡಾಪ್ಟರ್ ಹೋಗೈತೆ ಅಂದೆ, ಬದಲಾಯಿಸ್ದೆ. ವೈರು ಸಣ್ಣದಾಯ್ತು ಅಂದೆ, ದಪ್ಪದು ಎಳೆದೆ. ಪಿನ್ನು ಲೂಸು ಅಂದೆ, ಟೇಪು ಸುತ್ತೀ ಸುತ್ತೀ ಅದನ್ನ ಬಾಣಂತಿ ತಲೆ ಮಾಡ್ಬುಟ್ಟೆ. ಇನ್ನೇನು ಬಾಕಿ ಐತೆ? ನನ್ನೇ ಬದಲಾಯಿಸ್ತೀಯಾ?

ಬೀರಕ್ಕ: (ಒಳಗಿನಿಂದ) ಅದೊಂದು ಮಾಡ್ಕೊಡಪ್ಪ, ಪುಣ್ಯ ಬತ್ತದೆ!

ಈರಲಿಂಗಪ್ಪ: ನೀನು ಸುಮ್ಕಿರು. ಇದು ಟೆಕ್ನಿಕಲ್ಲು.

ಓಬುಳೇಶ್: ಸಾರ್, ಕತ್ತಲಾದಾಗ ಕ್ಯಾಮೆರಾ ಒಳಗೆ ರಾತ್ರಿ ದೀಪ ತಾನಾಗೇ ಹತ್ಕಂತವೆ. ಆಗ ಕರೆಂಟು ಜಾಸ್ತಿ ಎಳೀತದೆ. ಅಡಾಪ್ಟರ್ ವೀಕಾಗಿದ್ರೆ ಆ ಹೊತ್ನಾಗೆ ನಿಂತೋಯ್ತದೆ.

ಈರಲಿಂಗಪ್ಪ: ಅದಕ್ಕೇ ದೊಡ್ಡದು ಹಾಕಿದ್ಯಲ್ಲ?

ಓಬುಳೇಶ್: ಹಾಕಿದೀನಿ.

ಈರಲಿಂಗಪ್ಪ: ಮತ್ತೆ?

ಓಬುಳೇಶ್: ಅದೇ ತಿಳೀತಿಲ್ಲ.

ಈರಲಿಂಗಪ್ಪ: ನಂಗೆ ತಿಳೀತದೆ. ಪಕ್ಕದ ಮನೆ ಗಂಗರಾಜು! ಅವ್ನೇ ಗೋಡೆ ಆಚೆಯಿಂದ ಏನೋ ಮಾಡ್ತಾವ್ನೆ. ಮೊನ್ನೆ ಕೇಳಿದ್ರೆ ಅತ್ಲಾಗೆ ತಿರುಕ್ಕಂಡ. ನನ್ನ ಸರ್ವೀಸಿನಾಗೆ ಕಲ್ತಿದ್ದು ಒಂದೇ ಕಣ್ಲಾ. ಟಿಕೆಟ್ ಇಲ್ದೋನು ಯಾವತ್ತೂ ಕಿಟಕಿ ಕಡೆ ನೋಡ್ತಾನೆ. ತಪ್ಪು ಮಾಡ್ದೋರ ಕಣ್ಣು ಕಿಟಕಿ ಮ್ಯಾಗೇ! ಏನ್ ಬೀರಾ, ಹೌದೋ ಅಲ್ವೋ?

ಬೀರಕ್ಕ ಮಜ್ಜಿಗೆ ಲೋಟ ಹಿಡಿದು ಬಂದವಳು ಕಿಟಕಿಯ ಕಡೆ ನೋಡುತ್ತ, "ಹೌದೌದು" ಎಂದಳು. ಯಜಮಾನರು ಆ ಹೊತ್ತಿಗೆ ಗಂಗರಾಜುವಿನ ಗೋಡೆಯನ್ನು ಗುರಾಯಿಸುತ್ತಿದ್ದರು.

ಈರಲಿಂಗಪ್ಪ: ನೋಡು, ನಾನು ಕಟ್ಟೆಗೆ ಹೋಗ್ಬುಟ್ಟು ಬೇಗ ಬತ್ತೀನಿ. ನೀನು ಇಲ್ಲೇ ಕಾಯ್ಕಂಡಿರು. ಒಂದೋ ಕಳ್ಳನ್ನ ಹಿಡ್ಕೊಡು, ಇಲ್ಲಾ ಕ್ಯಾಮೆರಾ ಬಿಚ್ಕಂಡು ಹೋಗು. ನನ್ನ ಭಾಮೈದ ಕೇಳಿದ್ರೆ ಇದ್ದದ್ದು ಇದ್ದಂಗೇ ಹೇಳ್ತೀನಿ. ಒಂದು ವೈರು ನೆಟ್ಟಗೆ ಮಾಡಕ್ಕೆ ಬರ್ದೋನು ಸಂಸಾರ ಏನ್ ನೆಟ್ಟಗೆ ಮಾಡ್ತಾನೆ?

ಮೊಪೆಡ್ಡು ಕೆಮ್ಮುತ್ತ ಹೊರಟುಹೋಯಿತು. ಓಬುಳೇಶ್ ಟಿವಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಟಿವಿಯಲ್ಲಿ ಮನೆಯ ಹೊಸಲು, ರಂಗೋಲಿ, ಬೀದಿಯ ಒಂದು ಚೂರು, ಎಲ್ಲ ಚೊಕ್ಕವಾಗಿ ಕಾಣುತ್ತಿದ್ದವು. ಹೊತ್ತು ಇಳಿಯಿತು. ಬೀರಕ್ಕ ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ದೀಪಕ್ಕೆ ಎಣ್ಣೆ ಹಾಕಿದಳು. ಬತ್ತಿ ಹೊಸೆದಳು. ಹೊಸೆದ ಬತ್ತಿಯನ್ನೇ ಮತ್ತೆ ಹೊಸೆದಳು.

ಬೀರಕ್ಕ: ಏನಪ್ಪಾ, ಕೂತೂ ಕೂತೂ ಸಾಕಾಗಿರ್ಬೇಕು. ಹಂಗೆ ಬಜಾರಿನ ಕಡೆ ಹೋಗ್ಬುಟ್ಟು ಬಾ.

ಓಬುಳೇಶ್: ಇಲ್ಲಮ್ಮ, ನಾನು ಅಲ್ಲಾಡಲ್ಲ.

ಬೀರಕ್ಕ: ಒಂದು ಪಾವು ಕಡ್ಲೆಪುರಿ ತಂದ್ಕೊಡ್ತೀಯಾ?

ಓಬುಳೇಶ್: ಆಮ್ಯಾಕೆ ಒಂದು ಮೂಟೆ ತಂದ್ಹಾಕ್ತೀನಿ. ಈಗ ಬೇಡಮ್ಮ.

ಬೀರಕ್ಕ: ಹಿತ್ಲಾಗೆ ಏನೋ ಸದ್ದಾಯ್ತು, ನೋಡ್ಬಾ.

ಓಬುಳೇಶ್: ಸದ್ದಾಗ್ಲಿ ಬುಡಿ.

ಬೀರಕ್ಕ: ಎಂಥ ಹಟಮಾರಿ ಹುಡುಗಾನಪ್ಪ! ಸರಿ, ನೋಡೋದಾದ್ರೆ ನೋಡು.

ಹಾಗೆಂದವಳೇ ದೇವರ ಗೂಡಿನ ಪಕ್ಕದ ಬೋರ್ಡಿಗೆ ಕೈ ಹಾಕಿ ಟಪ್ಪೆಂದು ಕ್ಯಾಮೆರಾದ ಸ್ವಿಚ್ಚು ಆರಿಸಿದಳು. ಟಿವಿಯಲ್ಲಿದ್ದ ಹೊಸಲು ಮಾಯವಾಗಿ ಬರಿ ನೀಲಿ ಉಳಿಯಿತು. ಬೀರಕ್ಕ ಏನೂ ಆಗದವಳಂತೆ ಹಿತ್ತಿಲ ಬಾಗಿಲು ಮುಚ್ಚಿ, ಮುಂಬಾಗಿಲು ಪೂರ್ತಿ ತೆರೆದು, ದೀಪ ಹಚ್ಚಿ ಕೈಮುಗಿದಳು. ಓಬುಳೇಶನ ಬಾಯಿ ಮಾತ್ರ ತೆರೆದದ್ದು ಮುಚ್ಚಲಿಲ್ಲ.

ಓಬುಳೇಶ್: ಅಮ್ಮಾ! ನೀವಾ?

ಬೀರಕ್ಕ: ನಾನೇ ಕಣಪ್ಪ. ಮೆಲ್ಲಗೆ ಮಾತಾಡು, ಅಮ್ಮ ಬರೋ ಹೊತ್ತು.

ಓಬುಳೇಶ್: ಯಾವ ಅಮ್ಮ?

ಬೀರಕ್ಕ: ಲಕ್ಷ್ಮಮ್ಮ! ದೀಪ ಹಚ್ಚೋ ಹೊತ್ನಾಗೆ ಲಕ್ಷ್ಮಿ ಮನೆಗೆ ಬರೋದು ನಿಮ್ಮನೇಲಿ ಹೇಳ್ಕೊಟ್ಟಿಲ್ವಾ? ಬಾಗ್ಲಾಗೆ ಅದೊಂದು ಕಣ್ಣು ಬುಟ್ಕಂಡು ಗುರಾಯಿಸ್ತಾ ಕೂತಿದ್ರೆ ಯಾವ ಮರ್ಯಾದಸ್ತ ಹೆಣ್ಮಗಳು ಒಳಗೆ ಬತ್ತಾಳಪ್ಪಾ?

ಓಬುಳೇಶ್: ಕಳ್ಳರನ್ನ ನೋಡಕ್ಕೆ ಇಟ್ಟಿರೋದಲ್ವಾ ಅದು?

ಬೀರಕ್ಕ: ಅದೇ ನಾನೂ ಹೇಳಾದು. ಬಂದೋರನ್ನೆಲ್ಲ ಕಳ್ಳರ ಥರ ನೋಡೋ ಮನೆಗೆ ನೀನು ಹೋಯ್ತೀಯಾ?

ಓಬುಳೇಶ್ ತಾನು ಇಷ್ಟು ದಿನ ಬಂದ ಮನೆ ಯಾವುದು ಎಂದು ನೆನೆದು ತಲೆ ಕೆರೆದುಕೊಂಡ.

ಓಬುಳೇಶ್: ಹೋಗ್ಲಿ, ದೀಪ ಹಚ್ಚಿದ ಮ್ಯಾಲೆ ತಿರುಗಾ ಹಾಕ್ಬಾರ್ದಾ?

ಬೀರಕ್ಕ: ಹಾಕಾನ ಅಂತಾನೇ ಇರ್ತೀನಿ. ಅಷ್ಟರಾಗೆ ಸೀರಿಯಲ್ಲು ಬಂದ್ಬುಡ್ತದೆ, ಮರೆತೋಯ್ತದೆ. ಇವರ ಗಾಡಿ ಸದ್ದು ಕೇಳಿದ ತಕ್ಷಣ ಹಾಕ್ಬುಡ್ತೀನಿ.

ಓಬುಳೇಶ್: ಅಯ್ಯೋ ರಾಮಾ! ನಾನು ಎಷ್ಟು ಅಡಾಪ್ಟರ್ ಬದಲಾಯಿಸ್ದೆ!

ಬೀರಕ್ಕ: ನೀನು ಸ್ಟೂಲ್ ಹತ್ತಿದಾಗೆಲ್ಲ ನನ್ ಹೊಟ್ಟೆ ಚುರ್ ಅಂತಿತ್ತು ಕಣಪ್ಪ. ಅದಕ್ಕೇ ಅಲ್ವಾ ಮಜ್ಜಿಗೆ ಕೊಡ್ತಿದ್ದುದು?

ಓಬುಳೇಶ್: ಮಾವನಿಗೆ ಇದನ್ನೇ ಹೇಳ್ಬುಡಿ ಮತ್ತೆ.

ಬೀರಕ್ಕ: ಹೇಳಿದ್ರೆ? "ಲಕ್ಷ್ಮಿಗೆ ಟಿಕೆಟ್ ಐತೇನೇ?" ಅಂತ ಬಸ್ ಸ್ಟ್ಯಾಂಡೆಲ್ಲ ನಗಾಡ್ಸ್ತಾರೆ. ನೀನೂ ಹೇಳ್ಕೂಡ್ದು.

ಓಬುಳೇಶ್: ಹೇಳ್ದೆ ಇದ್ರೆ ನಾನು ಕೆಲ್ಸ ಬರ್ದೋನು ಅಂತಾಯ್ತದಮ್ಮಾ! ತನುಜಾನ ಕೊಡಲ್ಲ ಅಂದ್ಬುಡ್ತಾರೆ!

ಬೀರಕ್ಕ: ಹೇಳು ಮತ್ತೆ. ಆದ್ರೆ ತನುಜಾಗೆ ಸೋದರತ್ತೆ ಯಾರು ಅನ್ನೋದು ಒಂದು ಸಾರಿ ಯೋಚ್ನೆ ಮಾಡ್ಕಂಡು ಹೇಳು.

ಹೇಳಿದರೆ ಅತ್ತೆ ಇಲ್ಲ, ಹೇಳದಿದ್ದರೆ ಮಾವ ಇಲ್ಲ, ಇಬ್ಬರಲ್ಲಿ ಒಬ್ಬರು ತಪ್ಪಿದರೂ ಹುಡುಗಿ ಇಲ್ಲ. ಅಷ್ಟರಲ್ಲಿ ಮೊಪೆಡ್ಡಿನ ಕೆಮ್ಮು ಕೇಳಿಸಿತು. ಬೀರಕ್ಕ ಬೋರ್ಡಿನ ಕಡೆ ಹಾರುವಷ್ಟರಲ್ಲಿ ಈರಲಿಂಗಪ್ಪ ಹೊಸಲು ದಾಟಿ ಒಳಗೇ ಬಂದರು.

ಈರಲಿಂಗಪ್ಪ: ಚೂಡು, ಚೂಡು, ನೋಡ್ಲಾ ಇಲ್ಲಿ! ಸತ್ತೋಯ್ತಲ್ಲ! ಟಿವಿ ನೀಲಿಯಾಗೈತೆ! ಎದುರಿಗೆ ಕೂತಿದ್ಯಲ್ಲೋ, ಏನಾಯ್ತು?

ಓಬುಳೇಶ್ ಕಿಟಕಿಯ ಕಡೆ ನೋಡಿದ. ಬೀರಕ್ಕ ಆಗಲೇ ಅಲ್ಲೇ ನೋಡುತ್ತಿದ್ದಳು.

ಈರಲಿಂಗಪ್ಪ: ಇಬ್ರೂ ಅತ್ಲಾಗೆ ಯಾಕೆ ನೋಡ್ತೀರಾ? ಓಹೋ! ಗಂಗರಾಜು ಅಲ್ಲವ್ನಾ? ಸಿಕ್ಕಿದ ನನ್ಮಗ! ಲೇ ಗಂಗರಾಜೂ, ಬಾರ್ಲಾ ಈಚೆಗೆ! ನಮ್ ಕರೆಂಟು ಏನ್ ಮಾಡ್ದೆ?

ಗಂಗರಾಜು: (ಗೋಡೆಯ ಮೇಲಿಂದ ತಲೆ ಹಾಕಿ) ಏಮಯ್ಯಾ ಈರಲಿಂಗಪ್ಪಾ, ಮೊನ್ನೆ ಪೆಟ್ರೋಲ್ ಕಳ್ಳ ಅಂದೆ, ಇವತ್ತು ಕರೆಂಟ್ ಕಳ್ಳನಾ? ಗಾಡಿ ಟ್ಯಾಂಕು ಸೋರ್ತೈತೆ, ಕೆಳಗೆ ಬಗ್ಗಿ ನೋಡು ಅಂತ ಬಡ್ಕೊಂಡೆ. ಕೇಳಿದ್ಯಾ?

ಈರಲಿಂಗಪ್ಪ: ಮಾತು ಮರೆಸ್ಬ್ಯಾಡ! ಬೀರಾ, ಆ ದೊಣ್ಣೆ ಎಲ್ಲೇ?

ಬೀರಕ್ಕ ಓಬುಳೇಶನ ಮುಖ ನೋಡಿದಳು. ಯಜಮಾನರು ತಾವೇ ಮೂಲೆಯಲ್ಲಿದ್ದ ದೊಣ್ಣೆ ಎತ್ತಿಕೊಂಡರು. ಏನೂ ತಪ್ಪು ಮಾಡದ ನೆರೆಯವನಿಗೆ ದೊಣ್ಣೆ, ಮಾಡಿದವಳಿಗೆ ದೀಪದ ಮುಂದೆ ಜಾಗ. ಹುಡುಗ ಎದ್ದು ನಿಂತ.

ಓಬುಳೇಶ್: ಮಾವ, ನಿಲ್ಲಿ! ಫಾಲ್ಟ್ ಸಿಕ್ತು!

ಈರಲಿಂಗಪ್ಪ: ಸಿಕ್ತಾ? ಎಲ್ಲಿ?

ಓಬುಳೇಶ್: ಕಲ್ಯಾಣದುರ್ಗದ ಬಸ್ಸಿನಾಗೆ ಡ್ರೈವರ್ ಡ್ಯೂಟಿ ಮುಗಿದ್ರೆ ಏನ್ ಮಾಡ್ತಿದ್ರಿ?

ಈರಲಿಂಗಪ್ಪ: ಇನ್ನೊಬ್ಬ ಹತ್ತಾನೆ. ಅದಕ್ಕೂ ಇದಕ್ಕೂ ಏನ್ಲಾ?

ಓಬುಳೇಶ್: ಬಸ್ಸು ಓಡ್ತಾ ಇರೋವಾಗ್ಲೇ ಹತ್ತಾನಾ?

ಈರಲಿಂಗಪ್ಪ: ತಲೆಗಿಲೆ ಕೆಟ್ಟೈತಾ? ನಿಲ್ಲಿಸ್ಬೇಕು. ಅವ್ನು ಇಳೀಬೇಕು, ಇವ್ನು ಹತ್ಬೇಕು.

ಓಬುಳೇಶ್: ಅದೇ ಮಾವ! ಕ್ಯಾಮೆರಾದಾಗೆ ಹಗಲು ಕಣ್ಣು ಬೇರೆ, ರಾತ್ರಿ ಕಣ್ಣು ಬೇರೆ. ದೀಪ ಹಚ್ಚೋ ಹೊತ್ನಾಗೆ ಇದು ಇಳಿದು ಅದು ಹತ್ತದೆ. ಡ್ಯೂಟಿ ಚೇಂಜು! ನಾವು ನಿಲ್ಲಿಸ್ದೇ ಓಡಿಸ್ತಿದ್ವಿ, ಅದಕ್ಕೇ ಅದೇ ನಿಂತೋಯ್ತಿತ್ತು.

ಈರಲಿಂಗಪ್ಪನವರ ಕೈಯಲ್ಲಿದ್ದ ದೊಣ್ಣೆ ಕೆಳಗಿಳಿಯಿತು. ಅಡಾಪ್ಟರು, ವೋಲ್ಟು ಎಂದಾಗ ತಲೆಗೆ ಹೋಗದ್ದು ಈಗ ನೆಟ್ಟಗೆ ಹೋಗಿ ಕೂತಿತು.

ಈರಲಿಂಗಪ್ಪ: ಇದನ್ನ ಮೊದಲೇ ಬೊಗಳೋಕೆ ಏನ್ಲಾ ನಿಂಗೆ? ಈಗ ಏನ್ ಮಾಡ್ಬೇಕು?

ಓಬುಳೇಶ್: ದಿನಾ ದೀಪ ಹಚ್ಚೋ ಹೊತ್ಗೆ ಸ್ವಿಚ್ ಆರಿಸ್ಬೇಕು, ಸ್ವಲ್ಪ ಹೊತ್ತು ಬುಟ್ಟು ಹಾಕ್ಬೇಕು. ಆಗ ತಾನಾಗಿ ನಿಲ್ಲಲ್ಲ. ಮುಂಬಾಗಿಲು ಪೂರ್ತಿ ತೆಗ್ದಿರ್ಬೇಕು, ಗಾಳಿಯಾಡ್ಬೇಕು.

ಬೀರಕ್ಕ: (ಮೆಲ್ಲಗೆ) ಹಿತ್ಲ ಬಾಗಿಲು?

ಓಬುಳೇಶ್: ಮುಚ್ಚಿರ್ಬೇಕು.

ಈರಲಿಂಗಪ್ಪ: ಹಿತ್ಲ ಬಾಗಿಲಿಗೂ ಕ್ಯಾಮೆರಾಗೂ ಏನ್ಲಾ ಸಂಬಂಧ?

ಓಬುಳೇಶ್: ಎದುರುಗಾಳಿ ಹೊಡೆದ್ರೆ ಅಡಾಪ್ಟರಿಗೆ ತಂಡಿ ಹಿಡೀತದೆ ಮಾವ.

ಈರಲಿಂಗಪ್ಪ: ಹೌದ್ಹೌದು, ಹಿಡೀತದೆ. ಬೀರಾ, ಕೇಳಿಸ್ಕಂಡ್ಯಾ? ಆದ್ರೆ ನೀನು ಆ ಬೋರ್ಡು ಮುಟ್ಟೀಯ ಜೋಕೆ! ಈ ಡ್ಯೂಟಿ ನಂದು. ಆರ್ಸೋದೂ ನಾನೇ, ಹಾಕೋದೂ ನಾನೇ. ಬಸ್ ಸ್ಟ್ಯಾಂಡಿಗೆ ದೀಪ ಹಚ್ಚಿದ ಮ್ಯಾಲೆ ಹೋಯ್ತೀನಿ.

ಬೀರಕ್ಕ: ಅಯ್ಯೋ, ನಂಗೆಲ್ಲಿ ತಿಳೀತದೆ ಇವೆಲ್ಲ. ಟೆಕ್ನಿಕಲ್ಲು.

ಈರಲಿಂಗಪ್ಪ ಬೋರ್ಡಿನ ಮುಂದೆ ಎದೆಯುಬ್ಬಿಸಿ ನಿಂತು, "ರೈಟ್, ರೈಟ್!" ಎಂದು ಕೂಗಿ ಸ್ವಿಚ್ಚು ಹಾಕಿದರು. ಟಿವಿಯಲ್ಲಿ ಹೊಸಲು ಮೂಡಿತು. ಅವರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅದೇ ಗಳಿಗೆಗೆ ಫೋನು ಬಡಿದುಕೊಂಡಿತು. ಮುರಳಿಕೃಷ್ಣನ ಗಂಟಲು ಫೋನಿಲ್ಲದಿದ್ದರೂ ಕಲ್ಯಾಣದುರ್ಗದಿಂದ ಕೇಳಿಸುವಂಥದ್ದು, ಓಬುಳೇಶನಿಗೆ ಒಂದೊಂದು ಮಾತೂ ಕೇಳುತ್ತಿತ್ತು.

ಮುರಳಿಕೃಷ್ಣ: ಬಾವಾ, ಹುಡುಗ ಎಲಾ ಉನ್ನಾಡು, ಹೆಂಗವ್ನೆ?

ಈರಲಿಂಗಪ್ಪ: ಬಂಗಾರ ಕಣಪ್ಪ! ಮಾತಾಡಿದ್ರೆ ಬಿಡಿಸಿಟ್ಟಂಗೆ ತಿಳೀತದೆ. ಡ್ಯೂಟಿ ಅಂದ್ರೆ ಏನು ಅಂತ ಗೊತ್ತು ಅವ್ನಿಗೆ. ನಾನು ಹೂಂ ಅಂದ್ಬುಟ್ಟೆ!

ಮುರಳಿಕೃಷ್ಣ: ಸರೇ ಬಾವ, ಸಂತೋಷ. ಅಕ್ಕನಿಗೆ ಕೊಡಿ.

ತಾವೊಬ್ಬರು ಹೂಂ ಅಂದರೆ ಸಾಲದು, ಬೀರಕ್ಕನೂ ಅನ್ನಬೇಕು ಎಂಬುದು ಈರಲಿಂಗಪ್ಪನವರಿಗೆ ಹೊಳೆಯಲೇ ಇಲ್ಲ. ರಿಸೀವರು ಹೆಂಡತಿಯ ಕೈಗೆ ಕೊಟ್ಟು, ಗಂಗರಾಜುವಿಗೆ ಡ್ಯೂಟಿ ಚೇಂಜಿನ ವಿಷಯ ವಿವರಿಸಲು ಗೋಡೆಯ ಹತ್ತಿರ ಹೋದರು.

ಮುರಳಿಕೃಷ್ಣ: ಅಕ್ಕಾ, ಬಾವ ಹೇಳಿದ್ದು ಬಿಡು, ನೀನು ಹೇಳು. ಕುಡಿತ ಗಿಡಿತ?

ಬೀರಕ್ಕ: ಮಜ್ಜಿಗೆ ಕುಡೀತಾನೆ.

ಮುರಳಿಕೃಷ್ಣ: ಕೋಪ?

ಬೀರಕ್ಕ: ನಿಮ್ ಬಾವನ ಕೈಲಿ ಅಷ್ಟು ಅನ್ನಿಸ್ಕಂಡ್ರೂ ಬರ್ಲಿಲ್ಲ.

ಮುರಳಿಕೃಷ್ಣ: ಸುಳ್ಳು ಗಿಳ್ಳು ಹೇಳ್ತಾನಾ? ನನ್ ಮಗಳಿಗೆ ಸುಳ್ಳು ಹೇಳೋರು ಆಗಲ್ಲಕ್ಕಾ.

ಬೀರಕ್ಕ ಓಬುಳೇಶನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಓಬುಳೇಶ್ ಕಿಟಕಿಯ ಕಡೆ ನೋಡಿದ.

ಬೀರಕ್ಕ: ಹೇಳ್ತಾನೆ ಕಣಪ್ಪ. ಬಲು ಚೆನ್ನಾಗಿ ಹೇಳ್ತಾನೆ.

ಓಬುಳೇಶ್ ತನ್ನ ಟೇಪು, ವೈರು ಎತ್ತಿ ಚೀಲಕ್ಕೆ ತುಂಬತೊಡಗಿದ. ಹೊರಗೆ ಈರಲಿಂಗಪ್ಪ, "ಓಡೋ ಬಸ್ಸಿಗೆ ಡ್ರೈವರ್ ಹತ್ತಾನೇನ್ಲಾ ಗಂಗರಾಜು?" ಎಂದು ಕೂಗಾಡುತ್ತಿದ್ದರು.

ಬೀರಕ್ಕ: ಆದ್ರೆ ಯಾರಿಗೆ ಹೇಳ್ಬೇಕು, ಯಾರನ್ನ ಉಳ್ಸೋಕೆ ಹೇಳ್ಬೇಕು ಅನ್ನೋದು ಗೊತ್ತೈತೆ ಅವ್ನಿಗೆ. ನಿಮ್ ಬಾವನಿಗೆ ನಿಜ ಬುಟ್ರೆ ಬೇರೆ ಬರಲ್ಲ, ಅವ್ರ ಕೂಡ ಏಗಿ ಏಗಿ ಸಾಕಾಗೈತೆ ನಂಗೆ. ಕಣ್ಮುಚ್ಕಂಡು ಕೊಟ್ಬುಡು ಹುಡುಗೀನ!